ಕೆಂಚನ ಪಥ್ಯ

ಬೂದಿಯ ಮೇಲೆ ಇರುವೆಗಳು ಸಾಲುಗಟ್ಟಿದ್ದವು. ರುದ್ರಾಣಿ ಪೊರಕೆಯನ್ನು ಗೋಡೆಗೆ ಒರಗಿಸಿ ಕುಕ್ಕುರುಗಾಲಲ್ಲಿ ಕೂತು ನೋಡಿದಳು. ಹಿತ್ತಿಲ ಮೂಲೆಯ ಆ ಗುಡ್ಡೆಯಲ್ಲಿ ಅನ್ನದ ಅಗುಳಾಗಲಿ ಕಾಯಿಯ ಚೂರಾಗಲಿ ಬಿದ್ದಿರಲಿಲ್ಲ. ಬೆಳಿಗ್ಗೆ ಬೆಕ್ಕು ಅಲ್ಲಿ ಉಚ್ಚೆ ಹೊಯ್ದು, ಕಾಲಿನಿಂದ ಬೂದಿ ಎಳೆದು ಮುಚ್ಚಿಹೋಗಿತ್ತು, ಅಷ್ಟೆ. ಇರುವೆಗಳು ಅತ್ತಿತ್ತ ತಿರುಗದೆ ಆ ಒದ್ದೆಗೇ ಹೋಗುತ್ತಿದ್ದವು.

ಹದಿನೈದು ವರ್ಷದವಳಿದ್ದಾಗ ಯಳಂದೂರಿನ ತವರುಮನೆಯಲ್ಲಿ, ಅಪ್ಪ ಎದ್ದುಹೋದ ಬಚ್ಚಲಕಲ್ಲಿನ ಮೇಲೆ ಇಂಥದೇ ಸಾಲನ್ನು ಕಂಡಿದ್ದಳು. ಅದು ಯಾರಿಗಾದರೂ ಹೇಳಬೇಕಾದ ಮಾತು ಎಂದು ಆಗ ತೋಚಿರಲಿಲ್ಲ. ಅದೇ ವರ್ಷ ಅಪ್ಪನ ಕಾಲಿಗೆ ಒಂದು ಹುಣ್ಣಾಗಿ, ಅದು ಮಾಯಲೇ ಇಲ್ಲ. ಅಪ್ಪ ಹೋದಮೇಲೆ ಊರಿನ ಡಾಕ್ಟರು, ಇರುವೆ ಕಂಡಾಗಲೇ ಕರೆದುಕೊಂಡು ಬರಬೇಕಿತ್ತು ಎಂದರು. ಆ ಮಾತು ಅವಳೊಳಗೆ ಇಪ್ಪತ್ತು ವರ್ಷದಿಂದ ಕೂತಿತ್ತು.

ಬೆಕ್ಕು ಕೆಂಚ ಅವಳ ಗಂಡನ ಮನೆಗೆ ಬಂದದ್ದು ದೊಡ್ಡ ಯುದ್ಧ ಶುರುವಾದ ವರ್ಷ. ಈಗ ಅವನಿಗೆ ಹನ್ನೆರಡು ತುಂಬಿತ್ತು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಇಲಿ ಸೇರಿದ ಮನೆಗೆ ಉಳಿಗಾಲವಿಲ್ಲ. ಒಂದೇ ರಾತ್ರಿಯಲ್ಲಿ, ಸವರಿದ ಗಂಜಿಯ ಆಸೆಗೆ, ಮಗ್ಗಕ್ಕೆ ಏರಿಸಿದ ರೇಷ್ಮೆ ಎಳೆಗಳ ಹಾಸನ್ನೆಲ್ಲ ಕಡಿದುಹಾಕುತ್ತವೆ. ಕೆಂಚ ಇದ್ದಷ್ಟು ದಿನ ಗಂಡ ಗುರುಸ್ವಾಮಿಯ ಮಗ್ಗದ ಒಂದು ಎಳೆಯೂ ಹೋಗಿರಲಿಲ್ಲ. ಆದರೆ ಈಚೆಗೆ ಒಂದೂವರೆ ವರ್ಷದಿಂದ ಅವನು ಬೇಟೆ ಬಿಟ್ಟಿದ್ದ. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಎಳೆ ಒದ್ದೆ ಮಾಡಲು ಇಟ್ಟ ಬಟ್ಟಲಿನ ನೀರನ್ನು ಕುಡಿದು ಮುಗಿಸಿ ಮತ್ತೆ ಬಟ್ಟಲ ಪಕ್ಕದಲ್ಲೇ ಕೂರುತ್ತಿದ್ದ. ತಟ್ಟೆ ಇಟ್ಟರೆ ಓಡಿ ಬಂದು ಮೂಸಿ, ಕೆಳದವಡೆ ನಡುಗಿಸಿ, ಹಿಂದೆ ಸರಿಯುತ್ತಿದ್ದ. ಇಳಿಯುತ್ತಿದ್ದುದು ಎರಡೇ: ಹಾಸಿನ ಎಳೆಗಳಿಗೆ ಸವರಲು ರುದ್ರಾಣಿ ಕಾಯಿಸುವ ಅಕ್ಕಿಗಂಜಿ, ಮತ್ತು ಅತ್ತೆ ದೇವೀರಮ್ಮ ಬೆಲ್ಲ ಕರಗಿಸಿ ಕೊಡುವ ಹಾಲು. ಅವನು ಸೊರಗಿದಷ್ಟೂ ದೇವೀರಮ್ಮ ಬೆಲ್ಲದ ಅಚ್ಚನ್ನು ದೊಡ್ಡದು ಮಾಡುತ್ತಿದ್ದಳು. ಮೈಗೆ ಶಕ್ತಿ ಬರಲಿ ಎಂದು.

ಬೆಕ್ಕನ್ನು ದನದ ಆಸ್ಪತ್ರೆಗೆ ಒಯ್ಯುತ್ತೇನೆಂದಾಗ ಗುರುಸ್ವಾಮಿ ಮಗ್ಗದ ಗುಂಡಿಯಿಂದ ತಲೆಯೆತ್ತಿ ನೋಡಿದ.

"ಅಲ್ಲಿ ಎತ್ತಿನ ನಾಲ್ಗ ನೋಡ್ತಾರ ಕಣಮ್ಮಿ. ಬೆಕ್ಕ ತಕಂಡೋದ್ರ ನಗ್ತಾರ."

"ನಗ್ಲಿ ಬುಡಿ. ನಕ್ಕಾದ್ಮೇಲ ನೋಡ್ತಾರ."

ನೂಲಿನ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿ, ಅವಳು ಹೊರಟಳು. ಡಾಕ್ಟರು ಕೊಯಮತ್ತೂರಿನ ಕಡೆಯವರು. ಅವರು ನಕ್ಕದ್ದೂ ನಿಜ. ಆದರೆ ಬೂದಿಯ ಮೇಲಿನ ಇರುವೆಯ ಮಾತು ಬಂದ ಕೂಡಲೇ ನಗು ನಿಂತಿತು. ಅವರ ಮೇಜಿನ ಮೇಲೆ ಒಂದು ಸ್ಪಿರಿಟ್ ದೀಪ, ಗಾಜಿನ ಕೊಳವೆಗಳು, ನೀಲಿ ನೀರಿನ ಬಾಟಲಿ ಇದ್ದವು. ಅದು ದನಗಳಿಗಲ್ಲ, ತನಗೇ ಎಂದು ಅವರು ಹೇಳಿದರು. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಬೆಳಗಿನ ಮೊದಲ ಕೆಲಸವೇ ಉಚ್ಚೆಯಲ್ಲಿ ಸಕ್ಕರೆ ನೋಡುವುದಂತೆ. ಹೆದರಿದ ಕೆಂಚ ಎನಾಮಲ್ ತಟ್ಟೆಯಲ್ಲೇ ಉಚ್ಚೆ ಹೊಯ್ದಿದ್ದ. ಅದರ ಎಂಟು ಹನಿಯನ್ನು ನೀಲಿ ನೀರಿಗೆ ಬಿಟ್ಟು ಕೊಳವೆಯನ್ನು ಉರಿಗೆ ಹಿಡಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಕ್ಷಣಮಾತ್ರ ನಿಂತು ಇಟ್ಟಿಗೆಯ ಕೆಂಪಿಗೆ ಇಳಿಯಿತು. ಬಣ್ಣದ ಹಂಡೆಗಳ ಮುಂದೆಯೇ ಬಾಳಿದವಳಿಗೂ ಅದು ಹೊಸದು. ನಾಲ್ಕು ಹಂಡೆಯ ಬಣ್ಣ ಒಂದೇ ಉಸಿರಿನಲ್ಲಿ ಬಂದುಹೋಗಿತ್ತು.

"ನನಗೂ ಇದೆ, ನಿಮ್ಮ ಪೂನೆಗೂ ಇದೆ," ಎಂದರು ಡಾಕ್ಟರು, ಬೆಕ್ಕಿಗೆ ತಮ್ಮ ತಮಿಳಿನ ಮಾತನ್ನೇ ಬಳಸಿ. "ಊಟ ಏನು ಕೊಡ್ತೀರಿ ಅಮ್ಮಾ?"

ಅವಳು ಹೇಳಿದಳು. ಮಾಂಸ, ಮೀನು ಎಂದು ಅವರು ಕೇಳಿದಾಗ, ತಮ್ಮ ಮನೆಯಲ್ಲಿ ಅದು ಇಲ್ಲವೆಂದಳು.

"ನಿಮ್ಮನೇಲಿ ಇಲ್ಲ ಅನ್ನೋದು ಅದಕ್ಕೆ ಗೊತ್ತಾ?"

ಡಾಕ್ಟರು ಬೆಕ್ಕಿನ ಬಾಯಿ ಬಿಡಿಸಿ ತೋರಿಸಿದರು. ಒಸಡು ರಕ್ತದಂತೆ ಕೆಂಪಗಾಗಿ ಊದಿತ್ತು. ಅಲ್ಲಾಡುತ್ತಿದ್ದ ಒಂದು ಹಲ್ಲನ್ನು ಇಕ್ಕುಳದಿಂದ ಕಿತ್ತರು, ಬಾಯಿಗೆ ಸವರಲು ಔಷಧ ಕೊಟ್ಟರು. ಸಕ್ಕರೆಗೆ ಚುಚ್ಚುವ ಮದ್ದು ಇದೆ, ಅದು ಕೊಯಮತ್ತೂರಿನಿಂದ ಮಂಜುಗಡ್ಡೆಯಲ್ಲಿ ಬರಬೇಕು, ಬೆಕ್ಕಿಗೆ ಎಷ್ಟು ಎಂದು ತನಗೆ ತಿಳಿಯದು, ತಿಳಿಯದ್ದನ್ನು ಚುಚ್ಚುವುದಿಲ್ಲ ಎಂದರು. ಉಳಿದದ್ದು ಒಂದೇ ದಾರಿ. ಅಕ್ಕಿ, ಗಂಜಿ, ಬೆಲ್ಲ ಪೂರ್ತಿ ನಿಲ್ಲಬೇಕು. ಬೇಯಿಸಿದ ಮೀನು, ಮುಳ್ಳು ತೆಗೆದು ನುರಿದು, ದಿನಕ್ಕೆ ಐದಾರು ಸಲ. ಎಂಟು ಹತ್ತು ದಿನ ಅದರ ಮೇಲೇ ಇದ್ದರೆ ಬದುಕುತ್ತದೋ ಇಲ್ಲವೋ ತಿಳಿಯುತ್ತದೆ. ಆದರೆ ಎರಡು ದಿನ ಏನೂ ತಿನ್ನದೆ ಬಿಟ್ಟರೆ ಅದೂ ಅಪಾಯವೇ. ಕೊನೆಗೆ ಒಂದು ಕೊಳವೆಯನ್ನೂ ಸಣ್ಣ ಬಾಟಲಿಯಲ್ಲಿ ನೀಲಿ ನೀರನ್ನೂ ಕೊಟ್ಟು, ಕೆಂಪು ಹಿಂದಕ್ಕೆ ಹೋಗುತ್ತಿದೆಯೇ ನೋಡುತ್ತಿರಿ ಎಂದರು.

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಆ ವರ್ಷ ದೇವಿಗೆ ಉಡಿಸುವ ಸೀರೆ ನೇಯುವ ಸರದಿ ಅವರ ಮನೆಯದು. ಬೀದಿಯ ಇಪ್ಪತ್ತೆರಡು ಮನೆಗಳಿಗೆ ವರ್ಷಕ್ಕೊಂದರಂತೆ ಬರುವ ಸರದಿ. ಹಾಸು ಏರಿದ ದಿನದಿಂದ ಸೀರೆ ಕತ್ತರಿಸುವವರೆಗೆ ಆ ಮನೆಯಲ್ಲಿ ಈರುಳ್ಳಿ ಕೂಡ ಒಗ್ಗರಣೆಗೆ ಬೀಳುವುದಿಲ್ಲ. ಮೀನಿನ ಮಾತಂತೂ ದೂರ. ಮೀನಿನವಳು ಸಹ ಬೀದಿಯ ಬಾಯಿಗೆ ಬಂದಕೂಡಲೇ ಕೂಗು ನಿಲ್ಲಿಸಿ, ಹಿತ್ತಿಲುಗಳ ಹಿಂದಿನ ಕಾಲುವೆ ಏರಿಯ ಮೇಲೆ ಬಾಯಿಮುಚ್ಚಿಕೊಂಡು ದಾಟುತ್ತಿದ್ದಳು.

ಆದರೆ ಮನೆಯದಾಗಿಯೂ ಮನೆಯಲ್ಲದ ಜಾಗ ಒಂದಿತ್ತು. ಹಿಂದೆ ಹಸು ಕಟ್ಟುತ್ತಿದ್ದ ಹಿತ್ತಿಲ ಕೊಟ್ಟಿಗೆ. ತಿಂಗಳಿಗೊಮ್ಮೆ ಹೊರಗಾದಾಗ ಹೆಂಗಸರು ಮೂರು ದಿನ ಅಲ್ಲಿ ಕೂರಬೇಕು. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಒಲೆ. ಆ ದಿನಗಳಲ್ಲಿ ಅವಳು ಮುಟ್ಟಿದ್ದು ಮನೆಯ ಲೆಕ್ಕಕ್ಕಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹೊಯ್ದುಕೊಂಡರೆ ಎಲ್ಲವೂ ಹೋಯಿತು. ಬೆಕ್ಕಿಗೆ ಯಾವ ಮೈಲಿಗೆಯೂ ಇಲ್ಲ, ಅದು ಒಳಗೂ ಬರಬಹುದು ಹೊರಗೂ ಇರಬಹುದು. ಅವಳ ದಿನ ಹತ್ತಿರವೇ ಇತ್ತು. ನಾಳೆ, ತಪ್ಪಿದರೆ ನಾಳಿದ್ದು.

ನಾಳಿದ್ದೇ ಆಯಿತು. ಅವಳು ಚಾಪೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು, ಎಂದಿನಂತೆ ಕೆಂಚ ಹಿಂದೆಯೇ ಬಂದ. ಬಿಸಿಲೇರುವ ಹೊತ್ತಿಗೆ ಅವಳು ಬೇಲಿಯ ಸಂದಿಯಲ್ಲಿ ನಿಂತು ಏರಿಯ ಮೇಲೆ ಹೋಗುತ್ತಿದ್ದ ಮೀನಿನವಳನ್ನು ಕರೆದಳು. ದಾಸನಪುರದ ಹೊಳೆಮೀನು ತರುವ ಚಿಕ್ಕಮಾದಮ್ಮ ಬುಟ್ಟಿ ಇಳಿಸದೆ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನವ್ವಾ, ನೇಯ್ಗೆಯೋರ ಬೀದೀಲಿ ಮೀನು ಕೇಳೋರು ಉಟ್ಕಂಡ್ರಾ?"

"ನನಗಲ್ಲ ಕಣವ್ವ. ಬೆಕ್ಕಿಗ."

"ಎಲ್ರೂ ಅಂಗೇ ಅನ್ನದು," ಎಂದು ಚಿಕ್ಕಮಾದಮ್ಮ ನಕ್ಕು, ಬೆರಳುದ್ದದ ನಾಲ್ಕು ಮೀನನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಬೇಲಿಯ ಮೇಲಿಟ್ಟಳು. ಮೀನಿನ ಮೈಮೇಲಿನ ಮಿನುಗುವ ಹುರುಪೆ ಕೆರೆಯುವುದು ಹೇಗೆಂದು ಏರಿಯ ಮೇಲಿಂದಲೇ ಕೈಯಾಡಿಸಿ ತೋರಿಸಿದಳು. ರುದ್ರಾಣಿಯ ಮುಖ ಕಂಡು, ಮೂಗು ಬಿಗಿಹಿಡಿದರೆ ಆಗದು, ಬಾಯಲ್ಲಿ ಉಸಿರಾಡು ಎಂದಳು.

ಗೋಡೆಯಾಚೆ ರೇಷ್ಮೆಗೂಡು ಬಿಚ್ಚುವವರ ಒಲೆಗಳಿದ್ದವು. ಬೆಳಗಿನಿಂದ ಸಂಜೆಯವರೆಗೆ ಬೆಂದ ಹುಳುಗಳ ಕಮಟು ವಾಸನೆ ಅಲ್ಲೆಲ್ಲ ತುಂಬಿರುತ್ತಿದ್ದುದರಿಂದ ಒಡೆದ ಮಡಕೆಯಲ್ಲಿ ನಾಲ್ಕು ಮೀನು ಬೆಂದದ್ದು ಯಾರಿಗೂ ತಿಳಿಯಲಿಲ್ಲ. ರುದ್ರಾಣಿ ಎರಡು ಸಲ ಓಕರಿಸಿದಳು. ಆಮೇಲೆ ಕೂತು ಮುಳ್ಳು ಬಿಡಿಸಿದಳು. ಬಾಯಿಹುಣ್ಣಿನ ಬೆಕ್ಕಿಗೆ ಕೂದಲಿನಷ್ಟು ಮುಳ್ಳೂ ಸಿಗಬಾರದು.

ಕೆಂಚ ಮೂಸಿದ. ಮತ್ತೊಮ್ಮೆ ಮೂಸಿದ. ತಟ್ಟೆಯ ಸುತ್ತ ನೆಲವನ್ನು ಕೆರೆದು, ಹೇಸಿಗೆಯನ್ನು ಮುಚ್ಚುವಂತೆ ಮಣ್ಣೆಳೆಯಲು ನೋಡಿ, ಹೋಗಿ ಗೋಡೆಯ ಬುಡದಲ್ಲಿ ಮಲಗಿದ. ಹನ್ನೆರಡು ವರ್ಷ ಗಂಜಿ ಕುಡಿದವನಿಗೆ ಮೀನು ತಿನ್ನುವ ಪದಾರ್ಥವೆಂದೇ ಗೊತ್ತಿರಲಿಲ್ಲ.

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಜಗತ್ತಿನಲ್ಲಿ ಮೀನು ಬೇಡವೆನ್ನುವ ಬೆಕ್ಕೊಂದಿದ್ದರೆ ಅದು ತಮ್ಮ ಮನೆಯಲ್ಲೇ ಇರಬೇಕೇ ಎಂದು ಅಳುವೂ ನಗುವೂ ಒಟ್ಟಿಗೆ ಬಂತು. ಮಧ್ಯಾಹ್ನವೂ ಅವನು ಮುಟ್ಟಲಿಲ್ಲ, ಇಳಿಹೊತ್ತಿಗೂ ಮುಟ್ಟಲಿಲ್ಲ. ಎರಡು ದಿನ ಎಂದಿದ್ದರು ಡಾಕ್ಟರು. ಗಂಜಿ ತರಿಸಿದರೆ ಒಂದು ಗಳಿಗೆಯಲ್ಲಿ ಕುಡಿಯುತ್ತಾನೆ. ಅವಳ ಕೈ ಹಿತ್ತಿಲ ಬಾಗಿಲ ಕಡೆ ಎರಡು ಸಲ ಹೋಗಿ ಹಿಂದೆ ಬಂತು. ಕಡೆಗೆ ಅವಳು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ನುರಿದ ಮೀನನ್ನು ಅವನ ಮುಂಗಾಲಿಗೇ ಸವರಿದಳು. ಎಷ್ಟು ಬೇಡವಾದದ್ದಾದರೂ ಮೈಗೆ ಮೆತ್ತಿಕೊಂಡದ್ದನ್ನು ನೆಕ್ಕಿ ತೆಗೆಯದೆ ಬೆಕ್ಕು ಸುಮ್ಮನಿರದು. ಕೆಂಚ ಕಾಲನ್ನು ಒದರಿದ, ಅವಳನ್ನು ದುರುಗುಟ್ಟಿ ನೋಡಿದ, ಆಮೇಲೆ ನೆಕ್ಕಿದ. ಅವಳು ಇನ್ನೊಂದು ಕಾಲಿಗೂ ಸವರಿದಳು.

ಎರಡನೆಯ ದಿನವೂ ಹಾಗೇ ನಡೆಯಿತು, ಸವರುವುದು, ನೆಕ್ಕುವುದು. ಮೂರನೆಯ ದಿನ ಬೆಳಿಗ್ಗೆ ಅವಳ ಬೆರಳಿನಿಂದ ತಿಂದ. ಕೆಂಚ ಉಚ್ಚೆ ಹೊಯ್ಯುವ ಜಾಗದ ಬೂದಿ ತೆಗೆದು, ಅಲ್ಲಿ ತಗಡಿನ ತಟ್ಟೆಯಲ್ಲಿ ತೊಳೆದ ಹೊಳೆಗಲ್ಲು ತುಂಬಿಟ್ಟಿದ್ದರಿಂದ ಉಚ್ಚೆ ತಳದಲ್ಲಿ ಸಿಗುತ್ತಿತ್ತು. ದಿನಾ ಬೆಳಿಗ್ಗೆ ಬುಡ್ಡಿದೀಪದ ಉರಿಗೆ ಕೊಳವೆ ಹಿಡಿದು, ಬಂದ ಬಣ್ಣದಲ್ಲಿ ಒಂದು ತುಂಡು ಬಿಳಿ ರೇಷ್ಮೆ ಎಳೆಯನ್ನು ಅದ್ದಿ ಒಣಗಿಸಿ ಗೋಡೆಯ ಮೊಳೆಗೆ ಕಟ್ಟುತ್ತಿದ್ದಳು. ಬಣ್ಣ ಹಾಕುವ ಮನೆಗಳಲ್ಲಿ ಗಿರಾಕಿಗೆ ತೋರಿಸಲು ಇಡುತ್ತಾರಲ್ಲ, ಹಾಗೆ. ಮೊದಲೆರಡು ಎಳೆ ಇಟ್ಟಿಗೆ ಕೆಂಪು. ಮೂರನೆಯದು ಅರಿಸಿನಕ್ಕೆ ತಿರುಗಿತ್ತು.

ನಾಲ್ಕನೆಯ ಬೆಳಿಗ್ಗೆಯ ಎಳೆಯಲ್ಲಿ ಅರಿಸಿನದೊಳಗೆ ಹಸಿರಿನ ಛಾಯೆ ಇತ್ತು. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡುತ್ತಿರುವಾಗಲೇ ಅತ್ತೆ, ತಲೆಗೆ ನೀರು ಕಾದಿದೆ, ಸೀಗೆಪುಡಿ ಕಲಸಿಟ್ಟಿದ್ದೇನೆ ಎಂದು ಬಾಗಿಲಿನಿಂದ ಕೂಗಿದಳು. ಮಗ್ಗದ ಮೇಲೆ ದೇವಿಯ ಸೀರೆಯ ಹೊಸ ಹಾಸು ಏರಿತ್ತು. ಅದರ ಮೂರೂವರೆ ಸಾವಿರ ಎಳೆಗಳನ್ನು ಹಳೆಯ ಹಾಸಿನ ತುದಿಗಳಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಮನೆಯಲ್ಲಿ ಆ ಕೆಲಸಕ್ಕೆ ಈಗ ಇದ್ದದ್ದು ರುದ್ರಾಣಿಯ ಕೈ ಒಂದೇ. ದೇವೀರಮ್ಮನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು.

ತನಗಿನ್ನೂ ನಿಂತಿಲ್ಲವೆಂದು ರುದ್ರಾಣಿ ಸುಳ್ಳು ಹೇಳಿದಳು. ದೇವೀರಮ್ಮ ಒಳಗೆ ಹೋಗಿ ನೀರಿನ ಒಲೆಯ ಸೌದೆ ಹಿಂದಕ್ಕೆಳೆದ ಸದ್ದಾಯಿತು.

ಐದನೆಯ ದಿನದ ಎಳೆ ಮತ್ತೆ ಕೆಂಪಾಯಿತು.

ಅವಳು ಎರಡು ಸಲ ಮಾಡಿ ನೋಡಿದಳು, ಎರಡು ಸಲವೂ ಇಟ್ಟಿಗೆ ಕೆಂಪು. ಮೀನೇ ತಪ್ಪೋ, ಮಡಕೆಯಲ್ಲಿ ಏನಾದರೂ ಇತ್ತೋ, ತನ್ನ ಕೈಯೇ ಹನಿ ಹೆಚ್ಚು ಬಿಟ್ಟಿತೋ ಎಂದು ಒಂದೊಂದನ್ನೇ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಕೆಂಚನ ಮೀಸೆಯ ಬುಡದಲ್ಲಿ ಅಂಟಿದ್ದ ಕೆನೆಯ ಒಣಚೂರು ಕಣ್ಣಿಗೆ ಬಿತ್ತು. ನೆನ್ನೆ ಮಧ್ಯಾಹ್ನ ಅವನು ಒಂದು ಗಳಿಗೆ ಕಾಣಿಸಿರಲಿಲ್ಲ.

ಅಂದು ಪಕ್ಕದ ಮನೆಯ ಶಂಕರಮ್ಮ ಬೇಲಿಗೆ ಬಂದು, ದೇವಿಯ ಸೀರೆ ತಡವಾಗುತ್ತಿದೆಯೆಂದು ಯಜಮಾನರು ಆಡಿಕೊಂಡರೆಂದೂ, ಸೊಸೆಯನ್ನು ಒಮ್ಮೆ ದೊಡ್ಡಾಸ್ಪತ್ರೆಗೆ ತೋರಿಸಬಾರದೇ ಎಂದೂ ಅತ್ತೆಗೆ ಕೇಳಿಸುವಂತೆ ಹೇಳಿಹೋದಳು. ಆರನೆಯ ದಿನ ದೇವೀರಮ್ಮ ಯಾವ ಬೇರು ತೇಯ್ದು ಕುದಿಸಿದ್ದಳೋ, ಕಷಾಯದ ಲೋಟ ಹಿಡಿದು ಕೊಟ್ಟಿಗೆಯ ಬಾಗಿಲಿಗೇ ಬಂದಳು. ಎರಡು ಮಾರು ದೂರದಲ್ಲಿ ನಿಲ್ಲುವವಳು ಆ ದಿನ ಹೊಸಿಲ ಹತ್ತಿರಕ್ಕೇ ಬಂದು ಕೂತಳು. ಮುಖ ನೋಡಿದರೆ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

"ನಿಜ ಏಳು ರುದ್ರಾಣಿ. ಏನಾಗದ ನಿನಗ? ಆರು ದಿನ ಆಯ್ತು."

ಲೋಟ ತೆಗೆದುಕೊಳ್ಳಲು ರುದ್ರಾಣಿ ಕೈ ಮುಂದೆ ಮಾಡಿದಳು. ಮಣಿಕಟ್ಟಿನ ಮೇಲೆ ಏನೋ ಮಿನುಗಿತು. ದೇವೀರಮ್ಮ ಕಣ್ಣು ಕಿರಿದು ಮಾಡಿ, ಅದು ಜರಿಯ ಚೂರೇ ಎಂದು ಕೇಳಿದಳು.

ಜರಿ ಎಂದುಬಿಡಬಹುದಿತ್ತು.

"ಅಲ್ಲ ಅತ್ತೆ. ಮೀನಿನ ಹುರುಪೆ."

ದೇವೀರಮ್ಮ ಏಳಲಿಲ್ಲ, ಕೂಗಲೂ ಇಲ್ಲ. ಸೆರಗನ್ನು ಮೂಗಿಗೆ ತಂದಳು, ಅಷ್ಟೆ. ರುದ್ರಾಣಿ ಎಲ್ಲವನ್ನೂ ಹೇಳಿದಳು: ಇರುವೆ, ಡಾಕ್ಟರು, ನೀಲಿ ನೀರು, ನಿಂತುಹೋದ ಮುಟ್ಟನ್ನು ನಿಂತಿಲ್ಲವೆಂದದ್ದು. ಮೊಳೆಯಿಂದ ಎಳೆಗಳ ಗೊಂಚಲನ್ನು ಬಿಚ್ಚಿ ಹೊಸಿಲ ಮೇಲಿಟ್ಟಳು. ಮುದುಕಿ ಅದನ್ನು ಎತ್ತಿ, ಬಿಸಿಲಿಗೆ ತಿರುಗಿ, ಕಣ್ಣಿಗೆ ಗೇಣು ಹತ್ತಿರ ಹಿಡಿದು, ಒಂದೊಂದನ್ನೇ ಬೆರಳಲ್ಲಿ ಸರಿಸುತ್ತ ಹೋದಳು. ಐವತ್ತು ವರ್ಷ ಬಣ್ಣ ನೋಡಿದ ಕಣ್ಣು. ಪೊರೆ ಬಂದರೂ ಕೆಂಪು ಯಾವುದು ಹಳದಿ ಯಾವುದು ಎಂದು ಬಲ್ಲದು.

"ಕೆಂಪು ಓಯ್ತಾ ಇತ್ತು. ಇದ್ಯಾಕ ತಿರ್ಗ ಬಂತು? ಇದು ಯಾವತ್ತಿಂದು?"

ಕೆಂಚ ಒಳಗಿನಿಂದ ಬಂದು ಅವರಿಬ್ಬರ ನಡುವೆ ಮೈಮುರಿದು ನಿಂತ.

"ನಾನ್ ಆಲು ಕೊಟ್ಟಿದ್ನಲ್ಲ, ಅದರ ಮಾರ್ನೇ ದಿನದ್ದು," ಎಂದಳು ದೇವೀರಮ್ಮ ತಾನೇ. "ಬಾಕ್ಲಗ ಬಂದು ಕೂಗ್ತು ಕಣವ್ವ. ನೀನು ಇಲ್ಲಿ ಸರ್ಯಾಗಿ ಆಕ್ತಾ ಇಲ್ವೇನೋ ಅನ್ಕಂಡಿ. ಒಂದಚ್ಚು ಜಾಸ್ತಿನೇ ಆಕ್ದಿ."

"ಗಂಜಿ ಕೊಟ್ಟೋಳು ನಾನು ಅತ್ತೆ. ಅದೂ ಅಷ್ಟೇಯ. ಅನ್ನೆಲ್ಡು ವರ್ಸ."

ದೇವೀರಮ್ಮ, ಬೆಕ್ಕು ಈಗ ತಿನ್ನುವುದನ್ನು ನೋಡಬೇಕೆಂದಳು. ರುದ್ರಾಣಿ ಮಡಕೆಯಿಂದ ಒಂದು ಹಿಡಿ ತೆಗೆದು ಮುಳ್ಳು ಬಿಡಿಸಿ ತಟ್ಟೆಗೆ ಹಾಕಿದಳು. ಕೆಂಚ ಬೆರಳಿಗೆ ಕಾಯಲಿಲ್ಲ. ತಲೆ ತಗ್ಗಿಸಿ, ಹಲ್ಲು ಕಿತ್ತ ಮಗ್ಗುಲನ್ನು ಬಿಟ್ಟು ಇನ್ನೊಂದು ಮಗ್ಗುಲಲ್ಲಿ ತಿಂದ. ತಟ್ಟೆಯನ್ನು ನೆಕ್ಕುವ ನಾಲಗೆಯ ಸದ್ದು ಕೊಟ್ಟಿಗೆಯಲ್ಲೆಲ್ಲ ಕೇಳಿಸುತ್ತಿತ್ತು. ಅವನು ಒಂದು ಊಟವನ್ನು ಪೂರ್ತಿ ಮುಗಿಸಿದ್ದನ್ನು ಕಂಡು ಎಷ್ಟು ತಿಂಗಳಾಗಿತ್ತೋ. ಮುದುಕಿ ಸೆರಗನ್ನು ಮೂಗಿನಿಂದ ತೆಗೆಯದೆ ಕೊನೆಯವರೆಗೂ ನೋಡಿ, ಕಷಾಯವನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಆ ಸಂಜೆ ಒಳಗಿನಿಂದ ತಾಯಿ ಮಗನ ಮಾತು ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ರುದ್ರಾಣಿ ಒಂದು ತೀರ್ಮಾನಕ್ಕೆ ಬಂದಿದ್ದಳು. ಮನೆಯೊಳಗೆ ಕರೆದರೆ ಹೋಗುವುದಿಲ್ಲ. ಸೀರೆಯ ಸರದಿಯನ್ನು ಈ ವರ್ಷ ಬೇರೆ ಮನೆಗೆ ಕೊಡಿ ಎಂದು ಗಂಡನಿಗೆ ಹೇಳುವುದು. ಇಪ್ಪತ್ತೆರಡು ವರ್ಷಕ್ಕೊಮ್ಮೆ ಬರುವುದು. ಅತ್ತೆಯ ಕಾಲಕ್ಕೆ ಮತ್ತೆ ಬರುವುದಿಲ್ಲ. ಅದು ಗೊತ್ತಿದ್ದೂ ಹೇಳುವುದು. ಹೇಳಬೇಕಾದ ಮಾತನ್ನು ಒಂದು ಸಲ ಹೇಳದೆ ಉಳಿದವಳು ತಾನು.

ಏಳನೆಯ ದಿನ ಬೆಳಿಗ್ಗೆ ಆ ಮಾತಿಗೆ ಅವಕಾಶವೇ ಆಗಲಿಲ್ಲ. ಅವಳು ಕೊಳವೆ ತೊಳೆಯುತ್ತಿದ್ದಾಗ ಕೊಟ್ಟಿಗೆಯ ಬಾಗಿಲಲ್ಲಿ ದೇವೀರಮ್ಮ ನಿಂತಿದ್ದಳು. ಕಂಕುಳಲ್ಲಿ ತನ್ನದೇ ಚಾಪೆ, ಕೈಯಲ್ಲಿ ತನ್ನ ತಟ್ಟೆ, ಲೋಟ, ಎಲೆಅಡಿಕೆಯ ಚೀಲ.

"ಏಳು. ನೀರು ಕಾದದ. ತಲಗ ಉಯ್ಕಂಡು ಒಳಿಕ್ಕೋಗಿ ಎಳೆ ಕೂಡ್ಸು. ನಾನು ಇಲ್ಲಿರ್ತೀನಿ."

ರುದ್ರಾಣಿಗೆ ಕೂಡಲೇ ಅರ್ಥವಾಗಲಿಲ್ಲ.

"ನಿಮಗ್ಯಾಕ ಅತ್ತೆ? ಈ ವಯಸ್ಸಲ್ಲಿ ಒರಗ ಕೂತ್ರೆ ಬೀದಿಯೋರು ಏನಂತಾರ?"

"ಅರವತ್ತೇಳಕ್ಕ ತಿರ್ಗ ಮೈನೆರ್ದವ್ಳೆ ಅಂತಾರ. ಅನ್ಲಿ." ದೇವೀರಮ್ಮ ಚಾಪೆಯನ್ನು ಕೊಡವಿ ಗೋಡೆಯ ಬುಡಕ್ಕೆ ಹಾಸಿದಳು. "ಸೀರೆ ಮುಗ್ಯಗಂಟ ನಾನ್ ಒಳಿಕ್ಕ ಬರಾಕಿಲ್ಲ. ಎಲ್ಡು ಒತ್ತು ಊಟ ಇಲ್ಲಿಗ ತಂದಾಕು. ದೇವಿ ಸೀರೆಗ ನನ್ ಕಣ್ಣು ಬ್ಯಾಡ, ನಿನ್ ಕೈ ಬೇಕು. ಇದಕ್ಕ ಕೈಯಿದ್ರ ಸಾಕು. ಎಂಗ್ ಬುಡ್ಸದು, ಒಂದ್ ಕಿತ ತೋರ್ಸು."

ರುದ್ರಾಣಿ ತೋರಿಸಿದಳು. ಬೆನ್ನಿನ ಗೆರೆಯಗುಂಟ ಹೆಬ್ಬೆರಳು ಒತ್ತಿದರೆ ಎರಡು ಹೋಳಾಗುತ್ತದೆ, ದೊಡ್ಡ ಮುಳ್ಳು ಹಾಗೇ ಎದ್ದುಬರುತ್ತದೆ, ಸಣ್ಣವನ್ನು ಹುಡುಕಬೇಕು. ಮುದುಕಿ ಮುಖ ಅತ್ತ ತಿರುಗಿಸಿ ಕೈ ಚಾಚಿದಳು. ಮೊದಲ ಸಲ ಮುಟ್ಟಿದವಳೇ ಕೈಯನ್ನು ಹಿಂದಕ್ಕೆಳೆದು, ಸೆರಗನ್ನು ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡು, ಮತ್ತೆ ಚಾಚಿದಳು.

ತಲೆಗೆ ನೀರು ಹೊಯ್ದುಕೊಂಡು ಒದ್ದೆ ಕೂದಲಿಗೆ ಬಟ್ಟೆ ಸುತ್ತಿ ರುದ್ರಾಣಿ ಮಗ್ಗದ ಮುಂದೆ ಕೂತಾಗ ಬಿಸಿಲು ಹಿತ್ತಿಲಿಗೆ ಇಳಿದಿತ್ತು. ಗುರುಸ್ವಾಮಿ ಹಾಸಿನ ತುದಿಗಳನ್ನು ಅವಳ ಕಡೆ ಸರಿಸಿಕೊಟ್ಟ. ಅವಳು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಮೊದಲ ಎಳೆಯನ್ನು ಹೊಸೆದಳು, ಎರಡನೆಯದನ್ನು ಹೊಸೆದಳು. ನೂರಾಗುವ ಹೊತ್ತಿಗೆ ಕತ್ತು ನೋಯಿತು. ತಲೆಯೆತ್ತಿದರೆ ತೆರೆದ ಬಾಗಿಲಿನಾಚೆ ಕೊಟ್ಟಿಗೆ ಕಾಣಿಸುತ್ತಿತ್ತು.

ದೇವೀರಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲ ಮುಂದೆ ಎಲೆ, ಎಲೆಯ ಮೇಲೆ ಬಿಳಿಯ ಹಿಟ್ಟಿನಂಥ ಒಂದು ಗುಪ್ಪೆ. ಅವಳು ಅದನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೆ ಎತ್ತಿ, ಎರಡು ಬೆರಳ ನಡುವೆ ಚಿಟಿಕೆ ಚಿಟಿಕೆಯಾಗಿ ತಿಕ್ಕಿ ನೋಡುತ್ತಿದ್ದಳು. ಬೆರಳು ಒಮ್ಮೆ ತಡೆದು ನಿಂತಿತು. ಕೂದಲಿಗಿಂತ ಸಣ್ಣದೊಂದನ್ನು ಹೊರಗೆಳೆದು, ತನ್ನ ತುಟಿಯ ಮೇಲಿನ ಬಟ್ಟೆಗೆ ಮುಟ್ಟಿಸಿ ಮುಳ್ಳೇ ಹೌದೆಂದು ನೋಡಿ, ಎಲೆಯ ಅಂಚಿಗಿಟ್ಟಳು. ಕೆಂಚ ಒಂದು ಮುಂಗಾಲನ್ನು ಅವಳ ಮೊಣಕಾಲ ಮೇಲಿಟ್ಟು ಕಾಯುತ್ತಿದ್ದ.